ನಂಗೆ ಬರೋದು ಏಕವಚನದ ತುಳು ಮಾತ್ರ

ನಿಂಗೆ ತುಳು ಬರುತ್ತಾ ಅಂತ ಯಾರಾದ್ರೂ ಕೇಳಿದ್ರೆ ನಾನು ಯಾವತ್ತೂ ಒಂದೇ ಉತ್ತರ ಕೊಡಲ್ಲ. ಮಂಗಳೂರಿನವರು ಕೇಳಿದ್ರೆ ಇಲ್ಲಪ್ಪ ಅಂತೀನಿ, ಬೆಂಗಳೂರಿನವರು ಕೇಳಿದ್ರೆ ಸ್ವಲ್ಪ ಸ್ವಲ್ಪ ಅಂತೀನಿ. ಮೊನ್ನೆ ಭಾನುವಾರ ಕರೆಂಟ್ ಹೋಗಿತ್ತು, ಮೊಬೈಲಲ್ಲಿ ಚಾರ್ಜೂ ಕಮ್ಮಿ, ಏನ್ ಮಾಡೋದು ಅಂತ ಹಳೇ ಡೈರಿಯ ಹಿಂದಿನ ಪುಟದಲ್ಲಿ ನೆನಪಿಗೆ ಬಂದ ತುಳು ಪದಗಳನ್ನೆಲ್ಲ ಬರೀತಾ ಕೂತೆ, ಎಷ್ಟಾಗುತ್ತೆ ನೋಡೇ ಬಿಡೋಣ ಅಂತ. 83 ಆಯ್ತು. ಅಮ್ಮನಿಗೆ ತೋರಿಸಿದ್ರೆ ಅದ್ರಲ್ಲಿ 5 ತುಳು ಅಲ್ವೇ ಅಲ್ಲ, ನಿಮ್ಮಜ್ಜಂದು ಕುಂದಾಪ್ರ ಕನ್ನಡ ಅಂತ ಹೊಡೆದು ಹಾಕಿದ್ರು. ಅಲ್ಲಿಗೆ 78.

ಅಮ್ಮನ ಅಮ್ಮ ಕಾರ್ಕಳದ ಹತ್ರದ ಹಳ್ಳಿಯವರು. ಅಜ್ಜ ಕುಂದಾಪುರದ ಕಡೆ. ಎರಡೂ ಊರಿಗೆ ಎಪ್ಪತ್ತು ಚಿಲ್ಲರೆ ಕಿಲೋಮೀಟರ್ ಇರಬಹುದು ಅಷ್ಟೆ, ಆದ್ರೆ ಬ್ರಹ್ಮಾವರ ದಾಟಿದ್ರೆ ಭಾಷೆ ಬೇರೆ, ಆ ಕಡೆ ಕುಂದಾಪ್ರ ಕನ್ನಡ ಈ ಕಡೆ ತುಳು. ಮದುವೆ ಆಗಿ ಬೆಂಗಳೂರಿಗೆ ಬಂದ್ರು, ಅಜ್ಜ ಒಂದು ಉಡುಪಿ ಹೋಟೆಲಲ್ಲಿ ಗಲ್ಲಾದಲ್ಲಿ ಕೂರ್ತಿದ್ರು. ಅಜ್ಜನಿಗೆ ತುಳು ಅರ್ಥ ಆಗ್ತಿತ್ತು, ಹೋಟೆಲಿನ ಅಡುಗೆಮನೆ ತುಂಬ ತುಳುನೇ ಅಲ್ವಾ, ಆದ್ರೆ ಮನೇಲಿ ಮಾತಾಡ್ತಿರ್ಲಿಲ್ಲ. ಹಾಗಾಗಿ ಮನೆ ಭಾಷೆ ಕನ್ನಡ ಆಯ್ತು. ಯಾರೂ ತುಳು ಬೇಡ ಅಂತ ಹೇಳಿದ್ದಲ್ಲ, ಹಾಗೇ ಆಗ್ಹೋಯ್ತು. ಅಮ್ಮನಿಗೆ ಪೂರ್ತಿ ಅರ್ಥ ಆಗುತ್ತೆ, ಉತ್ತರ ಮಾತ್ರ ಕನ್ನಡದಲ್ಲಿ. ಅಮ್ಮ ಲವ್ ಮ್ಯಾರೇಜ್ ಆಗಿದ್ದು ತುಮಕೂರು ಕಡೆಯವರನ್ನ (ಅದು ಬೇರೆ ಕತೆ, ಇನ್ನೊಂದ್ ಸಲ), ಅಲ್ಲಿಗೆ ನಮ್ಮ ಪಾಲಿಗೆ ಬಂದಿದ್ದು ಈ 78.

ಅಜ್ಜಿ ನಮ್ಮ ಹತ್ರ ಮಾತಾಡ್ತಿದ್ದಿದ್ದು ಕನ್ನಡಾನೇ. ಆದ್ರೆ ಕೆಲವು ಜಾಗದಲ್ಲಿ ಕನ್ನಡ ಕೈ ಕೊಡ್ತಿತ್ತು. ಊಟ ಬಡಿಸುವಾಗ, ಬೈಯುವಾಗ, ಎಣ್ಣೆ ಸಿಡಿದಾಗ, ಮಗು ಅತ್ತಾಗ. ಅನ್ನ ನುಪ್ಪು, ಸಾರು ಪಲ್ಯ ಎಲ್ಲ ಸೇರಿ ಕಜಿಪು, ಗಂಜಿ ತಿಳಿ ತೆಲಿ, ಅವಲಕ್ಕಿ ಬಜಿಲ್, ಎಳೆ ಹಲಸು ಗುಜ್ಜೆ, ಒಂದೆಲಗ ತಿಮರೆ, ಉಪ್ಪಿನಕಾಯಿ ಉಪ್ಪಡ್. ಮಾವಿನಕಾಯಿಗೆ ಕುಕ್ಕು ಅಂತಾರೆ, ಅದನ್ನ ಕೇಳಿ ಕೇಳಿ ನಮಗೆ ಬಟ್ಟೆ ಕುಕ್ಕೋದು ಅನ್ನೋ ಮಾತು ಕೇಳಿದ್ರೂ ನಗು ಬರ್ತಿತ್ತು. ಎಳನೀರಿಗೆ ಬೊಂಡ. ಬಿಸಿಲಲ್ಲಿ ಮಾರ್ಕೆಟ್ಟಿಂದ ಬಂದು ಸುಸ್ತಾಗಿ ಜಗುಲಿ ಮೇಲೆ ಕೂತು ಒಂದು ಬೊಂಡ ಕುಡೀಬೇಕಿತ್ತು ಅಂದ್ರೆ ಪಕ್ಕದ ಮನೆ ಆಂಟಿ ಕಣ್ ಕಣ್ ಬಿಡ್ತಿದ್ರು, ಅವರ ತಲೇಲಿ ಆಲೂಗೆಡ್ಡೆ ಬೋಂಡ.

ಆಮೇಲೆ ಬಡವು. ಬಡವು ಅಂದ್ರೆ ಹಸಿವು. ಎಂಕ್ ಬಡವಾಪುಂಡು ಅಂದ್ರೆ ನಂಗೆ ಹಸಿವಾಗ್ತಿದೆ. ಬಂಜಿ ಅಂದ್ರೆ ಹೊಟ್ಟೆ. ಬಂಜಿ ದಿಂಜಿಂಡಾ ಅಂತ ಕೇಳ್ತಿದ್ರು ತಟ್ಟೆ ಮುಂದೆ ಕೂತು, ಹೊಟ್ಟೆ ತುಂಬ್ತಾ ಅಂತ. ದಿಂಜಿಂಡ್ ಅಂತ ನಾವು ಹೇಳೋವರ್ಗೂ ಇನ್ನೊಂದು ಸೌಟು ಬೀಳ್ತಾನೇ ಇರ್ತಿತ್ತು. ನಾನು ಕಲಿತ ಮೊದಲ ತುಳು ಕ್ರಿಯಾಪದ ಅದೇ ಅನ್ಸುತ್ತೆ, ಜೀವ ಉಳಿಸ್ಕೊಳ್ಳೋಕೆ ಕಲಿತಿದ್ದು.

ತಿಂಗಳ ಹೆಸರು ಅಜ್ಜಿಗೆ ಕೊನೇವರ್ಗೂ ತುಳು. ಪಗ್ಗು, ಬೇಸ್ಯ, ಕಾರ್ತೆಲ್, ಆಟಿ, ಸೋಣ ಹೀಗೆ. ಕರೆಂಟ್ ಬಿಲ್ ಜುಲೈದು, ಮಳೆ ಮಾತ್ರ ಆಟಿದು. ಬೆಂಗಳೂರಲ್ಲಿ ಅರ್ಧ ಗಂಟೆ ಹುಯ್ದು ನಿಂತ್ ಹೋಗೋ ಮಳೆ ಕಂಡ್ರೆ ಅವ್ರಿಗೆ ಏನೋ ಅಸಡ್ಡೆ, ಇದೊಂದು ಬರ್ಸವಾ ಅಂತಿದ್ರು. ಆಟಿ ಅಮಾವಾಸ್ಯೆಗೆ ಊರಿಂದ ಯಾರ ಕೈಲಾದ್ರೂ ಪಾಲೆ ಮರದ ಕೆತ್ತೆ ತರಿಸೋರು, ಕೆತ್ತೆ ಅಂದ್ರೆ ತೊಗಟೆ. ಅದನ್ನ ಬೆಳಕು ಹರಿಯೋ ಮುಂಚೆ ಹೋಗಿ ಕಲ್ಲಲ್ಲಿ ಜಜ್ಜಿ ತೆಗೀಬೇಕು, ಕತ್ತಿ ತಾಗಿಸ್ಬಾರ್ದು ಅಂತ ಕ್ರಮ. ರಾತ್ರಿ ಬಸ್ಸಲ್ಲಿ ಘಾಟಿ ಹತ್ತಿ ಬರೋಷ್ಟೊತ್ತಿಗೆ ಅಮಾವಾಸ್ಯೆ ಮುಗಿದು ಪಾಡ್ಯ ಆಗಿರ್ತಿತ್ತು, ಆದ್ರೂ ಬಿಡ್ತಿರ್ಲಿಲ್ಲ, ಖಾಲಿ ಹೊಟ್ಟೇಲಿ ಕುಡಿಸೋರು. ಆ ಕಹಿ ಬಗ್ಗೆ ಬರೆಯೋಕೆ ನನ್ನ ಹತ್ರ ಕನ್ನಡದಲ್ಲೂ ಪದ ಇಲ್ಲ. ಮೇಲಿಂದ ಮೆಂತೆ ಗಂಜಿ ಕೊಡ್ತಿದ್ರು, ತಂಪಿಗೆ ಅಂತ. ಅದೇನೋ ಪರವಾಗಿಲ್ಲ.

ಕೆಡ್ಡಸ ಅಂತ ಇನ್ನೊಂದು, ಫೆಬ್ರವರಿ ಹೊತ್ತಿಗೆ ಬರುತ್ತೆ, ಮೂರು ದಿನ. ಭೂಮಿ ಮುಟ್ಟಾಗೋ ದಿನಗಳು ಅಂತ ತುಳುನಾಡಲ್ಲಿ ನಂಬಿಕೆ, ಆ ಮೂರು ದಿನ ಉಳೋ ಹಾಗಿಲ್ಲ ಅಗೆಯೋ ಹಾಗಿಲ್ಲ, ಕೊನೇ ದಿನ ನೆಲಕ್ಕೆ ಎಣ್ಣೆ ಬಿಟ್ಟು ಸ್ನಾನದ ಶಾಸ್ತ್ರ ಮಾಡ್ತಾರೆ, ಅಕ್ಕಿ ಹುರಿದು ಪುಡಿ ಮಾಡಿ ಬೆಲ್ಲ ಕಾಯಿ ಹಾಕಿದ ನನ್ನೆರಿ ತಿಂತಾರೆ. ನಮ್ದು ಬಾಡಿಗೆ ಮನೆ, ಅಂಗಳ ಪೂರ್ತಿ ಸಿಮೆಂಟು. ಮನೆಗೆಲ್ಲ ಇದ್ದ ಮಣ್ಣು ಅಂದ್ರೆ ತುಳಸಿ ಕುಂಡದ್ದು ಮಾತ್ರ. ಅಜ್ಜಿ ಅದಕ್ಕೇ ನಾಲ್ಕು ಹನಿ ಎಣ್ಣೆ ಬಿಡ್ತಿದ್ರು. ಭೂಮಿ ಹೊರಗೆ ಕೂತಿದಾಳೆ, ಗಿಡ ಕೀಳ್ಬೇಡಿ ಅಂತ ನಮಗೆ ತಾಕೀತು. ಕೀಳೋಕೆ ಇದ್ದಿದ್ದೇ ಒಂದು ಗಿಡ!

ಅಜ್ಜಿ ರಾತ್ರಿ ಕತೆ ಹೇಳೋರು. ರಾಜ ರಾಣಿ ಕತೆಗಿಂತ ಅವರ ಮನೆ ಕತೆಗಳೇ ಜಾಸ್ತಿ. ಅದ್ರಲ್ಲಿ ಇಬ್ರು ಮುಖ್ಯ, ಅಮ್ಮೆರ್ ಮತ್ತೆ ಅಪ್ಪೆ. ಅಮ್ಮೆರ್ ಕೋಣ ಹಿಡ್ಕೊಂಡು ಗದ್ದೆಗೆ ಇಳಿದ್ರು ಅಂದ್ರೆ ಊರೇ ನೋಡೋಕೆ ನಿಲ್ತಿತ್ತು, ಅಮ್ಮೆರ್ ಕಂಬಳದಲ್ಲಿ ಕೋಣ ಓಡಿಸಿ ಬಿದ್ದು ಕಾಲು ಮುರ್ಕೊಂಡ್ರು, ಅಮ್ಮೆರ್ ಒಂದೇ ಉಸಿರಿಗೆ ತೆಂಗಿನಮರ ಹತ್ತೋರು, ಧಣಿಗಳ ಮನೇಲಿ ಗೇಣಿ ಅಳೆಯುವಾಗ ಅಮ್ಮೆರ್ ಎದುರು ಮಾತಾಡಿ ಬಂದ್ರು. ಅಪ್ಪೆ ಮಾತ್ರ ಮನೇಲೇ. ಚಿಮಿಣಿ ದೀಪದ ಹತ್ರ ಕೂತು ರಾತ್ರಿ ಇಡೀ ಬೀಡಿ ಕಟ್ಟೋರು, ಎಲೆ ಕತ್ತರಿಸಿ ಹೊಗೆಸೊಪ್ಪು ತುಂಬಿ ನೂಲು ಸುತ್ತಿ ಸೂಪಲ್ಲಿ, ಅಂದ್ರೆ ಮೊರದಲ್ಲಿ, ಸಾಲಾಗಿ ಜೋಡಿಸೋರು, ನೇಜಿ ಅಂದ್ರೆ ಭತ್ತದ ಸಸಿ ನೆಡೋವಾಗ ಹಾಡು ಹೇಳೋರು, ಹಾಡು ಶುರು ಮಾಡಿದ್ರೆ ಉಳಿದವರೆಲ್ಲ ಓ ಬೇಲೆ ಅಂತ ಸೊಲ್ಲು ಸೇರಿಸೋರು.

ನಮ್ಮ ತಲೇಲಿ ಏನು ಚಿತ್ರ ಬಂದಿರುತ್ತೆ ಹೇಳಿ. ಅಮ್ಮೆರ್ ಅಂದ್ರೆ ಅಮ್ಮ, ಅಪ್ಪೆ ಅಂದ್ರೆ ಅಪ್ಪ. ಕಚ್ಚೆ ಹಾಕಿ ಸೀರೆ ಮೇಲೆ ಕಟ್ಕೊಂಡು ಕೋಣದ ಹಿಂದೆ ಕೆಸರಲ್ಲಿ ಓಡೋ ನಮ್ಮ ಮುತ್ತಜ್ಜಿ, ಮನೇಲಿ ಬೀಡಿ ಕಟ್ಕೊಂಡು ಹಾಡು ಹೇಳ್ಕೊಂಡು ಕೂತ ಮುತ್ತಜ್ಜ. ಅಜ್ಜಿ ಕನ್ನಡದಲ್ಲಿ ಕತೆ ಹೇಳುವಾಗ ಇಬ್ರಿಗೂ ಬಹುವಚನ, ಹೋದ್ರು ಬಂದ್ರು ಬಿದ್ರು, ಗಂಡೋ ಹೆಣ್ಣೋ ಕ್ರಿಯಾಪದದಲ್ಲಿ ಗೊತ್ತೇ ಆಗಲ್ಲ. ಏಳನೇ ಕ್ಲಾಸಲ್ಲಿ ಪ್ರಬಂಧ ಸ್ಪರ್ಧೆ ಇತ್ತು, ನಾನು ಮೆಚ್ಚಿದ ಮಹಿಳೆ ಅಂತ ವಿಷಯ. ಎಲ್ಲರೂ ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವ. ನಾನು ಕಂಬಳದಲ್ಲಿ ಕೋಣ ಓಡಿಸಿದ ನನ್ನ ಮುತ್ತಜ್ಜಿ ಬಗ್ಗೆ ಬರೆದೆ. ಮೊದಲನೇ ಬಹುಮಾನ, ಸ್ಟೀಲ್ ಟಿಫನ್ ಬಾಕ್ಸು. ಅದ್ರಲ್ಲೇ ಪಿಯುಸಿ ತನಕ ಚಪಾತಿ ತಗೊಂಡ್ ಹೋಗಿದೀನಿ.

ತುಳುನಲ್ಲಿ ಅಪ್ಪೆ ಅಂದ್ರೆ ತಾಯಿ. ಅಮ್ಮೆ ಅಂದ್ರೆ ತಂದೆ, ಗೌರವಕ್ಕೆ ಅಮ್ಮೆರ್.

ಇದು ಗೊತ್ತಾಗಿದ್ದು ನಂಗೆ ಇಪ್ಪತ್ತೊಂಬತ್ತು ವರ್ಷ ಆದ್ಮೇಲೆ, 2018ರ ಮೇ ತಿಂಗಳಲ್ಲಿ. ಅಷ್ಟೊತ್ತಿಗೆ ಅಜ್ಜಿ ಹೋಗಿ ಐದು ವರ್ಷ. ಅಜ್ಜಿಯ ತಂಗಿ ಇನ್ನೂ ಊರಲ್ಲೇ ಇದಾರೆ, ನಾವು ಚಿಕ್ಕಜ್ಜಿ ಅಂತೀವಿ, ಅವರ ಮೊಮ್ಮಗಳ ಮದುವೆಗೆ ಅಂತ ನಾನೂ ಅಮ್ಮನೂ ಹೋಗಿದ್ವಿ. ಮದುವೆ ಹಾಲಲ್ಲಿ ಸುತ್ತಮುತ್ತ ಬರೀ ತುಳು. ನಂಗೋ ಒಂಥರಾ ಹುಮ್ಮಸ್ಸು, ನಂಗೂ ಬರುತ್ತೆ ಅಂತ ತೋರಿಸ್ಬೇಕು. ಚಿಕ್ಕಜ್ಜಿ ನಿಧಾನಕ್ಕೆ ಕೋಲು ಊರ್ಕೊಂಡು ಊಟದ ಸಾಲಿನ ಕಡೆ ಬಂದ್ರು, ಎಂಬತ್ತರ ಮೇಲಾಗಿದೆ ಅವ್ರಿಗೆ, ಆ ಮನೆಗೇ ಹಿರಿಯರು, ನಾನು ಎದ್ದು ಕುರ್ಚಿ ಎಳೆದು ಜೋರಾಗಿ, ಬಲ ಅಜ್ಜಿ, ಮುಲ್ಪ ಕುಲ್ಲುಲ, ಅಂದೆ.

ಆ ಸಾಲಲ್ಲಿ ಕೂತಿದ್ದವರ ಕೈ ಎಲ್ಲ ಬಾಯಿ ಹತ್ರನೇ ನಿಂತ್ ಹೋಯ್ತು. ಆಮೇಲೆ ಒಬ್ಬ ಮಾವ ಫಕ್ಕಂತ ನಕ್ಕರು, ಅಲ್ಲಿಂದ ಎಲ್ಲರೂ. ಅಮ್ಮ ನನ್ನ ತೋಳು ಚಿವುಟಿ, ಬಲೆ ಅನ್ನೇ, ಬಲೆ, ಕುಲ್ಲುಲೆ ಅಂತ ಹೇಳ್ಬೇಕು, ನೀನೇನು ನಾಯಿ ಕರೀತಿದೀಯಾ ಅಂದ್ರು.

ಬಲ ಅಂದ್ರೆ ಬಾ, ಬಲೆ ಅಂದ್ರೆ ಬನ್ನಿ. ತಿನ್ಲ ತಿನ್ನು, ತಿನ್ಲೆ ತಿನ್ನಿ. ಒಂದು ಏತ್ವದ ವ್ಯತ್ಯಾಸ ಅಷ್ಟೆ. ಈ ಅಂದ್ರೆ ನೀನು, ಈರ್ ಅಂದ್ರೆ ನೀವು. ಆದ್ರೆ ನಂಗೆ ಯಾರು ಬಲೆ ಅಂದಿದ್ರು? ಅಜ್ಜಿ ನನ್ನ ಜೊತೆ ಮಾತಾಡಿದ್ದೆಲ್ಲ ಬಲ, ಪೋಲ, ತಿನ್ಲ, ಪರ್ಲ, ಜೆಪ್ಪುಲ, ದಾಯೆ ಬುಲಿಪುವ, ನಿಕ್ಕ್ ಮರ್ಲಾ. ಬಾ, ಹೋಗು, ತಿನ್ನು, ಕುಡಿ, ಮಲ್ಕೋ, ಯಾಕೆ ಅಳ್ತೀಯ, ನಿಂಗೇನು ಹುಚ್ಚಾ. ಕನ್ನಡಾನ ನಾನು ಸ್ಕೂಲು, ಬಸ್ಸು, ಅಂಗಡಿ, ಆಫೀಸು ಎಲ್ಲ ಕಡೆ ಕಲಿತೆ, ತುಳು ಕಲಿತಿದ್ದು ಒಬ್ಬರ ಮಡಿಲಲ್ಲಿ. ಆ ಎತ್ತರದಿಂದ ಕೆಳಗೆ ಬಂದ ಮಾತಷ್ಟೇ ನಂಗೆ ಗೊತ್ತು, ಕೆಳಗಿಂದ ಮೇಲಕ್ಕೆ ಹೇಗೆ ಮಾತಾಡ್ಬೇಕು ಅಂತ ಗೊತ್ತೇ ಇಲ್ಲ. ಆ 78 ಪದದಲ್ಲಿ ಕೃತಜ್ಞತೆ ಹೇಳೋ ಪದಾನೂ ಇಲ್ಲ ನೋಡಿ. ಸೊಲ್ಮೆಲು ಅನ್ನೋದು ನಾನು ಕೇಳಿದ್ದು ಸ್ಟೇಜ್ ಮೇಲೆ ಮೈಕಲ್ಲಿ, ನಮ್ಮಜ್ಜಿ ಬಾಯಲ್ಲಿ ಒಂದು ಸಲಾನೂ ಕೇಳಿಲ್ಲ.

ಮಾರನೇ ದಿನ ಚಿಕ್ಕಜ್ಜಿ ಮನೇಲಿ ಗೋಡೆ ಮೇಲೆ ಒಂದು ಫೋಟೋ, ಮುಂಡಾಸು, ದಪ್ಪ ಮೀಸೆ. ಯಾರು ಅಂದೆ. ಮೇರ್ ಎಂಕ್ಲೆನ ಅಮ್ಮೆರ್, ಅಂದ್ರು. ಇವರು ನಮ್ಮ ಅಮ್ಮೆರ್. ನಾನು ಫೋಟೋ ನೋಡಿದೆ, ಮೀಸೆ ನೋಡಿದೆ, ಅಮ್ಮನ ಮುಖ ನೋಡಿದೆ. ಅಯ್ಯೋ ನಿಂಗೆ ಅಷ್ಟೂ ಗೊತ್ತಿರ್ಲಿಲ್ವಾ ಅಂತ ಅಮ್ಮ. ಅಲ್ಲ, ಬಹುಮಾನ ಬಂದ ಪ್ರಬಂಧ ಓದಿಲ್ವಾ ಅಂದ್ರೆ, ಓದಿದ್ದೆ, ನೀನು ಕತೆ ಕಟ್ಟಿದೀಯ ಅಂದ್ಕೊಂಡೆ ಅಂದ್ರು.

ಒಂದ್ ಗಂಟೆ ಬೇಕಾಯ್ತು ನಂಗೆ ಎಲ್ಲ ಕತೆಗಳನ್ನ ವಾಪಸ್ ಅವರವರಿಗೆ ಹಂಚೋಕೆ. ಕೋಣ, ಕಂಬಳ, ತೆಂಗಿನಮರ ಎಲ್ಲ ಈ ಮೀಸೆಯವರಿಗೆ. ಸ್ವಲ್ಪ ಬೇಜಾರೇ ಆಯ್ತು, ಸುಳ್ಳು ಹೇಳಲ್ಲ, ಆ ಮುತ್ತಜ್ಜಿ ನಂಗೆ ತುಂಬ ಇಷ್ಟ ಇದ್ರು. ಆದ್ರೆ ಬೀಡಿ ಕತೆ ಆ ಕಡೆಗೆ ಹೋದ ಕೂಡ್ಲೇ ಬೇರೇನೇ ಆಗ್ಬಿಡ್ತು. ಇಷ್ಟು ವರ್ಷ ನಾನು ಬೀಡಿ ಕಟ್ತಾ ಕೂತ ಮುತ್ತಜ್ಜನ್ನ ಸೋಮಾರಿ ಅಂದ್ಕೊಂಡಿದ್ದೆ. ಈಗ ಅದೇ ಚಿಮಿಣಿ ದೀಪದ ಹತ್ರ ಹಗಲು ಗದ್ದೇಲಿ ನೇಜಿ ನೆಟ್ಟು ಬಂದ ಹೆಂಗಸು ಕೂತಿದಾರೆ. ಬೀಡಿ ದುಡ್ಡಲ್ಲೇ ನಮ್ಮಿಬ್ರಿಗೂ ಶಾಲೆ ಆಗಿದ್ದು, ಅಂದ್ರು ಚಿಕ್ಕಜ್ಜಿ. ಅಮ್ಮೆರ್ ಕಾಲು ಮುರ್ಕೊಂಡ ವರ್ಷ ಮನೇಲಿ ನುಪ್ಪು ಬೆಂದಿದ್ದೂ ಅದ್ರಲ್ಲೇ ಅಂತೆ. ಕೋಣದ ಕತೆ ನೂರು ಸಲ ಹೇಳಿದ ನಮ್ಮಜ್ಜಿ ಇದನ್ನ ಯಾಕೆ ಹೇಳ್ಲಿಲ್ಲ ಅಂತ ಯೋಚನೆ ಮಾಡಿದೆ. ಹೇಳಿದ್ರು ಅನ್ಸುತ್ತೆ, ನಾನು ಅದನ್ನ ಗಂಡಸಿನ ಲೆಕ್ಕಕ್ಕೆ ಹಾಕಿ ಮರ್ತಿದ್ದೆ.

ಅಕ್ಕ ತಂಗಿ ಬರ್ಕೊಂಡ ಕಾಗದಗಳು ಒಂದು ಡಬ್ಬೀಲಿ ಇದ್ವು, ಇನ್‌ಲ್ಯಾಂಡ್ ಲೆಟರು. ಅದನ್ನ ಬಿಚ್ಚಿ ನೋಡಿ ನಂಗೆ ಇನ್ನೊಂದು ಆಶ್ಚರ್ಯ. ಹುಟ್ಟಿದಾಗಿಂದ ತುಳುನಲ್ಲೇ ಜಗಳ ಆಡಿದ ಇಬ್ರು, ಕಾಗದ ಪೂರ್ತಿ ಕನ್ನಡದಲ್ಲಿ, ಅದೂ ಶಾಲೆ ಪುಸ್ತಕದ ಕನ್ನಡ. ಇತ್ತಕಡೆ ಕ್ಷೇಮ, ತಾವೂ ಕ್ಷೇಮವೆಂದು ನಂಬಿರುತ್ತೇನೆ. ಶಾಲೇಲಿ ಕಲಿಸಿದ್ದು ಅದನ್ನೇ ತಾನೇ, ಕಾಗದ ಅಂದ್ರೆ ಕನ್ನಡ. ತುಳುಗೆ ಅದರದ್ದೇ ಹಳೇ ಲಿಪಿ ಇದೆ, ತಿಗಳಾರಿ, 2024ರಲ್ಲಿ ಯೂನಿಕೋಡಿಗೂ ಸೇರಿತು, ಸಂತೋಷ, ಆದ್ರೆ ಈ ಇಬ್ರಿಗೆ ಆ ಲಿಪಿ ಗೊತ್ತೇ ಇರ್ಲಿಲ್ಲ. ಕನ್ನಡ ಅಕ್ಷರದಲ್ಲಿ ತುಳು ಬರೀಬಹುದಿತ್ತು, ಎಲ್ಲರೂ ಬರೀತಾರೆ, ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಪಾದ್ರಿಗಳ ಸಂಸ್ಥೆಯವರು ಮಂಗಳೂರಲ್ಲಿ ಕನ್ನಡ ಲಿಪಿಯಲ್ಲೇ ತುಳು ಪುಸ್ತಕ ಅಚ್ಚು ಹಾಕಿದ್ದು. ಆದ್ರೂ ಇವರಿಗೆ ಹಾಗೆ ಬರೀಬೇಕು ಅಂತ ಅನ್ಸಿಲ್ಲ. ಒಂದೇ ಒಂದು ಕಾಗದದ ಮೂಲೇಲಿ, ಮಡಚೋ ಜಾಗದಲ್ಲಿ, ಅಜ್ಜಿ ಅಕ್ಷರದಲ್ಲಿ ಚಿಕ್ಕದಾಗಿ, ಒರ ಬಲ. ಒಂದ್ ಸಲ ಬಾ. ಮೇಲೆಲ್ಲ ತಾವು, ಮೂಲೇಲಿ ಬಲ.

ಅವತ್ತು ಸಾಯಂಕಾಲ ಚಿಕ್ಕಜ್ಜಿ ಹತ್ರ ನಾನು ಸಾರಿ ಕೇಳಿದೆ, ಹಾಲಲ್ಲಿ ಹಾಗಂದಿದ್ದಕ್ಕೆ. ಅವರು ವೀಳ್ಯದೆಲೆಗೆ ಸುಣ್ಣ ಹಚ್ತಾ, ತಲೆ ಎತ್ತದೇ, ಎನನ್ ಬಲ ಪಂಡ್‌ದ್ ಲೆಪ್ಪುನಕುಲು ಇತ್ತೆ ಏರ್ಲಾ ಇಜ್ಜೆರ್, ಅಂದ್ರು. ನಂಗೆ ಅರ್ಧ ಅರ್ಥ ಆಯ್ತು, ಉಳಿದರ್ಧ ಅಮ್ಮ ಹೇಳಿದ್ರು. ನನ್ನ ಬಲ ಅಂತ ಕರೆಯೋರು ಈಗ ಯಾರೂ ಇಲ್ಲ. ನಿಜ ಅಲ್ವಾ, ಅವರಿಗಿಂತ ದೊಡ್ಡವರೆಲ್ಲ ಹೋಗಿದ್ರು, ಕೊನೆಯವರು ನಮ್ಮಜ್ಜಿ. ಮಕ್ಕಳು ಸೊಸೆಯಂದ್ರು ಮೊಮ್ಮಕ್ಕಳು ಎಲ್ಲ ಬಲೆ, ಕುಲ್ಲುಲೆ, ಈರ್.

ಬೆಂಗಳೂರಿಗೆ ಬಂದ್ಮೇಲೆ ನಾನು ಸ್ವಲ್ಪ ಸೀರಿಯಸ್ಸಾಗಿ ಕಲಿಯೋಕೆ ಹೊರಟೆ. 1886ರಲ್ಲಿ ಮ್ಯಾನರ್ ಅನ್ನೋ ಬಾಸೆಲ್ ಮಿಷನ್ ಪಾದ್ರಿ ಮಾಡಿದ ತುಳು ಇಂಗ್ಲಿಷ್ ಡಿಕ್ಷನರಿ ಇದೆ, ಉಡುಪಿಯಿಂದ 1988 ರಿಂದ 1997ರ ನಡುವೆ ಆರು ಸಂಪುಟದಲ್ಲಿ ಬಂದ ತುಳು ನಿಘಂಟು ಇದೆ, ಯು.ಪಿ. ಉಪಾಧ್ಯಾಯರು ಸಂಪಾದಕರು. 2024ರಿಂದ ಗೂಗಲ್ ಟ್ರಾನ್ಸ್‌ಲೇಟಲ್ಲೂ ತುಳು ಬಂತು. ನಮ್ಮಜ್ಜಿ ಬೈಗುಳ ಹಾಕಿ ಪರೀಕ್ಷೆ ಮಾಡೋ ಧೈರ್ಯ ಇನ್ನೂ ಬಂದಿಲ್ಲ. 2011ರ ಜನಗಣತೀಲಿ ತುಳು ಮಾತೃಭಾಷೆ ಅಂತ ಬರೆಸಿದವರು ಇಡೀ ದೇಶದಲ್ಲಿ 18,46,427 ಜನ. ಅದನ್ನ ಓದಿ ಅಮ್ಮನ್ನ ಕೇಳಿದೆ, ಗಣತಿಯವರು ಬಂದಾಗ ಅಜ್ಜಿ ನಮ್ಮನೇಲೇ ಇದ್ರಲ್ವಾ, ಏನು ಬರೆಸಿದ್ರಿ. ಅಮ್ಮ ಸ್ವಲ್ಪ ಹೊತ್ತು ಬಿಟ್ಟು, ಎಲ್ಲರಿಗೂ ಕನ್ನಡ ಅಂತ ಹೇಳ್ಬಿಟ್ಟೆ ಕಣೇ, ಕುಕ್ಕರ್ ಇಟ್ಟಿದ್ದೆ, ಅಂದ್ರು. ನನ್ನ ಲೆಕ್ಕದಲ್ಲಿ ಅದು 18,46,428.

ಕಲಿಯುವಾಗ ಗೊತ್ತಾಗಿದ್ದು, ಕನ್ನಡ ಅಕ್ಷರದಲ್ಲಿ ಹಿಡಿಯೋಕಾಗದ ಒಂದು ಸ್ವರ ತುಳುನಲ್ಲಿದೆ. ಬರ್ಪೆ ಅಂತ ಬರೆದ್ರೆ ನಾನು ಬರ್ತೀನಿ ಅಂತಾನೂ ಆಗುತ್ತೆ ಅವನು ಬರ್ತಾನೆ ಅಂತಾನೂ ಆಗುತ್ತೆ, ಕಾಗದದ ಮೇಲೆ ಎರಡೂ ಒಂದೇ. ಬಾಯಲ್ಲಿ ಬೇರೆ. ಅವನು ಬರೋದಾದ್ರೆ ಕನ್ನಡದ ಎ ಥರಾನೇ, ನಾನು ಬರೋದಾದ್ರೆ ಬಾಯಿ ಇನ್ನೂ ಅಗಲ ತೆಗೀಬೇಕು. ಅಜ್ಜಿ ಪೋದು ಬರ್ಪೆ ಅಂತ ಬಾಗಿಲಲ್ಲಿ ನಿಂತು ಹೇಳ್ತಿದ್ದಿದ್ದು ನಂಗೆ ಕಿವೀಲಿದೆ, ಹೋಗಿ ಬರ್ತೀನಿ ಅಂತ, ಕೊನೇಲಿ ಬಾಯಿ ಹಾಗೇ ತೆರೆದಿರ್ತಿತ್ತು. ವಯಸ್ಸಾಗಿ ಹಲ್ಲು ಹೋಗಿದ್ದಕ್ಕೆ ಹಾಗೆ ಅಂದ್ಕೊಂಡಿದ್ದೆ.

ಈಗ ಬಲೆ, ಕುಲ್ಲುಲೆ, ಈರ್ ಎಲ್ಲ ಬರುತ್ತೆ. ಮಂಗಳೂರಿನ ಕಲೀಗ್ಸ್ ಹತ್ರ ಮರ್ಯಾದೆಯಿಂದಲೇ ಮಾತಾಡ್ತೀನಿ. ಚಿಕ್ಕಜ್ಜಿಗೆ ಮಾತ್ರ ಪ್ರತಿ ಭಾನುವಾರ ಫೋನ್ ಮಾಡಿ ಹಳೇ ಥರಾನೇ, ನಿನ್ನ ಒಣಸ್ ಆಂಡಾ, ಅಂತೀನಿ. ನಿನ್ನ ಊಟ ಆಯ್ತಾ. ಅವರ ಸೊಸೆ ಸ್ಪೀಕರಲ್ಲಿ ಕೇಳಿಸ್ಕೊಂಡು ಈಗ್ಲೂ ನಗ್ತಾರೆ. ಕಿವಿ ಮಂದ ಆಗಿದೆ ಚಿಕ್ಕಜ್ಜಿಗೆ, ಎರಡೆರಡು ಸಲ ಹೇಳ್ಬೇಕು. ಹೋದ ವಾರ ಫೋನ್ ಇಡೋ ಮುಂಚೆ, ಮೇ ತಿಂಗಳಲ್ಲಿ ಬರ್ಪೆ ಅಂದೆ.

ಏರ್ ಬರ್ಪುನಿ, ಅಂದ್ರು. ಯಾರು ಬರೋದು.

ಬಾಯಿ ಅಗಲ ಮಾಡಿ ಇನ್ನೊಂದ್ ಸಲ ಹೇಳಿದೆ.